5ನೇ ತರಗತಿ, ಓದಲು ಬಾರದ 9 ಮಕ್ಕಳು: ಮತ್ತೆ ಅ ಆ ಇ ಈಯಿಂದ ಶುರು ಮಾಡಬೇಕಾ?

ಹೊಸಹಾಜರಿ
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. 4 ಮತ್ತು 5 ಒಂದೇ ಕೋಣೆ, 31 ಮಕ್ಕಳು, ಟೀಚರ್ ನಾನೊಬ್ಬಳೇ. ಅದರಲ್ಲಿ 9 ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ, ಪಠ್ಯಪುಸ್ತಕದ ಒಂದು ಸಾಲೂ ಬರಲ್ಲ. ಬೋರ್ಡ್ ಮೇಲಿರೋದನ್ನ ಮಾತ್ರ ಮುದ್ದಾಗಿ ನಕಲು ಮಾಡ್ತಾರೆ, ಬರೆದದ್ದು ಏನು ಅಂತ ಕೇಳಿದ್ರೆ ಗೋಡೆ ನೋಡ್ತಾರೆ. ಅ ಆ ಇ ಈಯಿಂದ ಮತ್ತೆ ಶುರು ಮಾಡಬೇಕಾ? ಮಾಡಿದ್ರೆ ಸಿಲಬಸ್ ಗತಿ ಏನು? ಆ ಹೊತ್ತು ಉಳಿದ 22 ಮಕ್ಕಳು ಏನು ಮಾಡ್ತಿರಬೇಕು? "ತಾಳ್ಮೆ ಇರಲಿ ಮೇಡಂ, ದೇವರಿದ್ದಾನೆ" ಅನ್ನೋದನ್ನ ಬಿಟ್ಟು ಬೇರೆ ಏನಾದ್ರೂ ಹೇಳಿ ದಯವಿಟ್ಟು.

ಬಳಪ
ಅ ಆ ಇ ಈಯಿಂದ ಬೇಡ ಮೇಡಂ. ಒಂಬತ್ತು ಮಕ್ಕಳು ಒಂಬತ್ತು ಕಡೆ ಸಿಕ್ಕಿಕೊಂಡಿರ್ತಾರೆ. ಮೊದಲು ಯಾರು ಎಲ್ಲಿ ಅಂತ ನೋಡಿಕೊಳ್ಳಿ, ಆಮೇಲೆ ಪಾಠ.

ಒಂದು ಹಾಳೆ ಮಾಡಿ. ಮೇಲೆ 2ನೇ ತರಗತಿ ಮಟ್ಟದ 8-10 ಸಾಲಿನ ಕಥೆ, ಅದರ ಕೆಳಗೆ 4 ಸಾಲಿನ ಸರಳ ಪ್ಯಾರಾ, ಆಮೇಲೆ 10 ಪದ, 10 ಅಕ್ಷರ. ಹಳ್ಳಿ ಮಕ್ಕಳ ಓದು ಅಳೆಯೋ ಅಸರ್ ಸಮೀಕ್ಷೆಯವರು ಹಿಡಿಯೋ ಕ್ರಮವೇ ಇದು. ಶುರು ಮಾಡೋದು ಅಕ್ಷರದಿಂದಲ್ಲ, ಪ್ಯಾರಾದಿಂದ. ಸಲೀಸಾಗಿ ಓದಿದ್ರೆ ಕಥೆ ಕೊಡಿ, ತಡವರಿಸಿದ್ರೆ ಪದಕ್ಕೆ ಇಳಿಸಿ. ಯಾವುದಾದ್ರೂ 5 ಪದ ಓದು ಅನ್ನಿ, 4 ಸರಿ ಬಂದ್ರೆ ಮಗು ಪದದ ಮಟ್ಟದಲ್ಲಿದೆ. ಬರದಿದ್ರೆ ಅಕ್ಷರ, ಅಲ್ಲೂ 5ಕ್ಕೆ 4.

ಒಂದು ಮಗುವಿಗೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಜಗಲಿಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಮಾಡಿ. ಹಿಂದೆ ಸಾಲು ನಿಲ್ಲಿಸಿದ್ರೆ ಮೂರನೆಯವನ ಹೊತ್ತಿಗೆ ಪ್ಯಾರಾ ಬಾಯಿಪಾಠ ಆಗಿರುತ್ತೆ. ಪರೀಕ್ಷೆ ನಡೆಯುವಾಗ ತಿದ್ದಬೇಡಿ. ಮಗು ಏನಂತ ಓದ್ತೋ ಅದನ್ನ ಹಾಗೇ ಬರೆದುಕೊಳ್ಳಿ. "ತಪ್ಪು" ಅಂತ ಒಂದು ಅಡ್ಡಗೀಟು ಹಾಕಿಟ್ರೆ ಮುಂದೆ ಯಾವ ಕೆಲಸಕ್ಕೂ ಬರಲ್ಲ, "ಕೊಡವನ್ನ ಕೂಡ ಅಂದ" ಅಂತಿದ್ರೆ ನಾಳೆ ಏನು ಕಲಿಸಬೇಕು ಅಂತ ಅಲ್ಲೇ ಗೊತ್ತಾಗುತ್ತೆ.

ಹಳೇಮೇಷ್ಟ್ರು
ಇದೆಲ್ಲ ಹಾಳೆ ಗೀಳೆ ಯಾಕೆ? ಬೆಳಗ್ಗೆ ಪ್ರಾರ್ಥನೆ ಆದ ಮೇಲೆ ಒಂದು ಸಲ, ಮಧ್ಯಾಹ್ನ ಊಟ ಆದ ಮೇಲೆ ಒಂದು ಸಲ ಕಾಗುಣಿತ ಒಕ್ಕೊರಲಲ್ಲಿ ಹೇಳಿಸಿ. ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ. ಮೂರು ತಿಂಗಳಲ್ಲಿ ಓದ್ತಾರೆ. ತಲೆತಲಾಂತರದಿಂದ ಕಲಿತದ್ದು ಹೀಗೇ.

ಕೊನೆಬೆಂಚು
ತಲೆತಲಾಂತರದಿಂದ ಕಲಿಯದೇ ಮನೆ ಸೇರಿದವರ ಲೆಕ್ಕ ಯಾರಿಟ್ಟಿದ್ದಾರೆ ಮೇಷ್ಟ್ರೇ?

ಕಂಬಸಾಲು
ಇಬ್ರೂ ಜಗಳ ಬಿಡ್ರಿ. ಕಾಗುಣಿತ ಬ್ಯಾಡ ಅಂತ ಯಾರೂ ಅಂದಿಲ್ಲ. ಅಕ್ಕೋರ, ಅದನ್ನ ಅಡ್ಡಸಾಲ ಹಿಡದು ಹೇಳಸಬ್ಯಾಡ್ರಿ, ಅಷ್ಟ. ಕ ಕಾ ಕಿ ಕೀ ಅನ್ನೋದು ಹಾಡು. ಹಾಡಾದ ಮ್ಯಾಲೆ ಹುಡುಗುರು ಕಣ್ಣು ಮುಚ್ಚಿಕೊಂಡೂ ಹೇಳತಾವ, ಗ್ವಾಡಿ ಮ್ಯಾಲಿನ ತಖ್ತೆ ಯಾರೂ ನೋಡಂಗಿಲ್ಲ. ಅದನ್ನ ಕಂಬಸಾಲಿನ್ಯಾಗ ಓದಸ್ರಿ: ಕಿ ಗಿ ಚಿ ಜಿ ತಿ ದಿ ನಿ. ಇಲ್ಲಿ ಗುಡಿಸು ಒಂದ, ಅಕ್ಷರ ಬ್ಯಾರೆ ಬ್ಯಾರೆ. ಹಾಡಿನ ಆಸರಾ ಇಲ್ಲ, ನೋಡಿದ್ರನ ಬಾಯಿ ಬಿಡಬೇಕು. ಮೂರನೇ ದಿನಕ್ಕ ಕೋಲಿಲೆ ಎಲ್ಲಿ ಬೇಕಲ್ಲಿ ತೋರಸ್ರಿ: ಮು, ಜಿ, ಕ, ಸಾ. ಯಾರಿಗೆ ಬರತೈತಿ, ಯಾರು ಹಾಡಿನ್ಯಾಗ ಕೂಡಿಕೊಂಡಿದ್ರು ಅನ್ನೋದು ಆಗ ತಿಳೀತೈತಿ.

ಒಮ್ಮೆಗೇ 34 ವ್ಯಂಜನದ ಚಾರ್ಟ್ ಹಾಕಬ್ಯಾಡ್ರಿ. 10 ವ್ಯಂಜನ, ಮೊದಲ ವಾರ ನಾಕ ಚಿಹ್ನೆ: ತಲೆಕಟ್ಟು, ಇಳಿ, ಗುಡಿಸು, ಕೊಂಬು. ಉಳದ ಚಿಹ್ನೆ ಆಮ್ಯಾಲೆ.

ಹೊಸಹಾಜರಿ
ಕಂಬಸಾಲು ಸರ್, ಇದು ತಲೆಗೆ ಹೊಳೆದೇ ಇರಲಿಲ್ಲ. ಧನ್ಯವಾದ. ಆದ್ರೆ ಅಕ್ಷರ ಗೊತ್ತಿದ್ದೂ ಪದ ಓದದವರು ನಾಲ್ಕು ಜನ ಇದ್ದಾರೆ. "ಮ, ರ" ಅಂತ ಬಿಡಿ ಹೇಳ್ತಾರೆ, "ಮರ" ಅನ್ನಲ್ಲ.

ಏಣಿಮೆಟ್ಟಿಲು
ಕಡಿಮೆ ಅಕ್ಷರ ಕೊಟ್ಟು ಹೆಚ್ಚು ಪದ ಮಾಡಿಸಿ. ನಲಿಕಲಿ, ಅಂದ್ರೆ ಸರ್ಕಾರಿ ಶಾಲೆಯ 1ರಿಂದ 3ನೇ ತರಗತಿಯ ಕಾರ್ಡು-ಚಟುವಟಿಕೆ ಪದ್ಧತಿ, ಅದರ ಅಕ್ಷರಕ್ರಮ ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಅ ಆ ಇ ಈ ಯಾಕಿಲ್ಲ ಅಂದ್ರೆ, ಕನ್ನಡದಲ್ಲಿ ಸ್ವರಾಕ್ಷರ ಬರೋದು ಹೆಚ್ಚಾಗಿ ಪದದ ಮೊದಲಲ್ಲಿ ಮಾತ್ರ. ಹದಿಮೂರು ಸ್ವರ ಕಲಿತ ಮಗುವಿಗೆ ಆಟ, ಊಟದ "ಟ" ಗೊತ್ತಿರಲ್ಲ, ಅದರಿಂದ ಓದೋಕೆ ಒಂದು ಪದವೂ ಸಿಗಲ್ಲ. ಅದೇ ರ ಗ ಸ ದ ಅ ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ. ಇಳಿ ಸೇರಿಸಿ: ದಾರ, ರಾಗ, ದಾಸ, ಸಾಗರ. ಗುಡಿಸು ಸೇರಿಸಿ: ಸರಿ, ಗರಿ, ಗಿರಿ, ದಾರಿ, ರಾಗಿ. ಈಗ ವಾಕ್ಯವೇ ಆಗುತ್ತೆ ನೋಡಿ: "ದಾಸ ರಾಗಿ ಸಾಗಿಸಿದ." ಐದರಲ್ಲಿ ನಾಲ್ಕೇ ಅಕ್ಷರ, ಎರಡು ಚಿಹ್ನೆ, ಪೂರ್ತಿ ಒಂದು ಸಾಲು. 5ನೇ ತರಗತಿ ಹುಡುಗನಿಗೆ "ನಾನು ಒಂದು ಸಾಲು ಓದಿದೆ" ಅನ್ನೋದು ಮೊದಲ ವಾರದಲ್ಲೇ ಬೇಕು. ಒಂದು ತಿಂಗಳು ಬರೀ ಅಕ್ಷರ ತಿದ್ದಿಸಿದ್ರೆ ಅವನು ಮನಸ್ಸಲ್ಲೇ ಶಾಲೆ ಬಿಟ್ಟಿರ್ತಾನೆ.

ಬಿಡಿ ಅಕ್ಷರ ಹೇಳಿ ಕೂಡಿಸದವರಿಗೆ: ಎರಡು ಚೀಟಿ ಒಂದು ಗೇಣು ದೂರ ಇಟ್ಟು ಹೇಳಿಸಿ. ಆಮೇಲೆ ನಾಲ್ಕು ಬೆರಳು ದೂರ, ಆಮೇಲೆ ಅಂಟಿಸಿ. ಚೀಟಿ ಹತ್ತಿರ ಬಂದಷ್ಟೂ ದನಿ ಹತ್ತಿರ ಬರಬೇಕು. ಕಿವಿಯಲ್ಲಿ ಕೂಡದಿದ್ರೆ ಕಣ್ಣಲ್ಲೂ ಕೂಡಲ್ಲ, ಹಾಗಾಗಿ ಚೀಟಿ ಇಲ್ಲದೆ ಬಾಯಿಮಾತಲ್ಲೂ ಆಡಿಸಿ: ನೀವು "ಮ... ರ" ಅನ್ನಿ, ಅವರು ಪದ ಹೇಳಲಿ.

ಕೊನೆಬೆಂಚು
ನಲಿಕಲಿ ಬಂದದ್ದು 2009ರಲ್ಲಿ ಅಲ್ವಾ? ಈ ಮಕ್ಕಳು ಮೂರು ವರ್ಷ ಅದರಲ್ಲೇ ಕೂತು ಎದ್ದು ಬಂದವರು ತಾನೇ? ಆಗ ಬರದ್ದು ಈಗ ಅದೇ ರ ಗ ಸ ದ ಕ್ರಮದಲ್ಲಿ ಬರುತ್ತಾ?

ಏಣಿಮೆಟ್ಟಿಲು
ರಾಜ್ಯದ ತುಂಬ ಬಂದದ್ದು 2009-10ರಲ್ಲಿ. ಶುರುವಾದದ್ದು 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಕಾರ್ಡು ಪದ್ಧತಿ ನೋಡಿಬಂದ ಶಿಕ್ಷಕರೇ ಕೂತು ಮಾಡಿದ್ದು.

ನಿಮ್ಮ ಎರಡನೇ ಪ್ರಶ್ನೆ ಸರಿಯಾಗಿದೆ. ನಲಿಕಲಿಯ ಕಲಿಕಾ ಏಣಿಯಲ್ಲಿ, ಅಂದ್ರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಾರ್ಡುಗಳಲ್ಲಿ, ಮಗು ತನ್ನ ವೇಗದಲ್ಲಿ ಹತ್ತಬೇಕು ಅನ್ನೋದು ತತ್ವ. ಆದ್ರೆ ಜೂನ್ ಬಂದ ತಕ್ಷಣ ಹತ್ತಿದವನೂ ಹತ್ತದವನೂ ಒಟ್ಟಿಗೆ 4ನೇ ತರಗತಿಗೆ ಹೋಗ್ತಾರೆ, ಅಲ್ಲಿ ಏಣಿ ಇಲ್ಲ, ಪಠ್ಯಪುಸ್ತಕ ಮಾತ್ರ. ಹತ್ತನೇ ಮೆಟ್ಟಿಲಲ್ಲಿ ನಿಂತಿದ್ದವನ ಕೆಳಗಿಂದ ಏಣಿ ತೆಗೆದ ಹಾಗೆ. ಅಲ್ಲಿಂದಲೇ ಮುಂದುವರಿಸೋದು ಈಗಿನ ಕೆಲಸ. "ಓದು ಕರ್ನಾಟಕ" ಅಂತ 4-5ನೇ ತರಗತಿಗೇ ಕಾರ್ಯಕ್ರಮ ಬಂದಿತ್ತಲ್ಲ, ಕಾರಣ ಇದೇ. ಅದರ ಚಾರ್ಟು, ಕಥೆಹಾಳೆ ನಿಮ್ಮ ಶಾಲೆಯ ಬೀರುವಿನಲ್ಲಿ ಎಲ್ಲೋ ಕಟ್ಟುಕಟ್ಟಾಗಿ ಬಿದ್ದಿರಬಹುದು, ಹುಡುಕಿ ಮೇಡಂ.

ಅರ್ಕಾವೊತ್ತು
ಎಲ್ರೂ ಕಾಗುಣಿತದಲ್ಲೇ ನಿಂತುಬಿಟ್ರಿ. 5ನೇ ತರಗತಿಯಲ್ಲಿ ಮಕ್ಕಳು ನಿಜವಾಗಿ ಮುಗ್ಗರಿಸೋದು ಒತ್ತಕ್ಷರದಲ್ಲಿ. ಒಂದು ಮಗುವಿಗೆ "ಶಕ್ತಿ" ಕೊಡಿ. "ಶಕಿತ" ಅಂತ ಓದುತ್ತೆ. "ಅಕ್ಕಿ" ಕೊಡಿ, "ಅಕಿಕ". ನಾವು ದಡ್ಡ ಅಂದುಬಿಡ್ತೀವಿ. ಆದ್ರೆ ಆ ಮಗು ಕಣ್ಣಿಗೆ ಕಂಡದ್ದನ್ನ ಕಂಡ ಕ್ರಮದಲ್ಲೇ, ಅಚ್ಚುಕಟ್ಟಾಗಿ ಓದಿದೆ. ಗುಡಿಸು ಇರೋದು ಮೇಲಿನ ಕ ತಲೆಯ ಮೇಲೆ. ಹಾಗಾದ್ರೆ ಮೊದಲು ಕಿ, ಆಮೇಲೆ ಕೆಳಗಿನ ತ. ಮಗುವಿನ ತರ್ಕದಲ್ಲಿ ತಪ್ಪೇ ಇಲ್ಲ. ಬರೆಯೋದು ಮೇಲಿನ ಅಕ್ಷರಕ್ಕೆ, ಉಚ್ಚರಿಸೋದು ಕೆಳಗಿನದಕ್ಕೆ ಅನ್ನೋ ಗುಟ್ಟನ್ನ ಯಾರೂ ಅದಕ್ಕೆ ಬಾಯಿಬಿಟ್ಟು ಹೇಳಿಲ್ಲ.

ಬೋರ್ಡ್ ಮೇಲೆ ಹೀಗೆ ಮಾಡಿ. ಮೊದಲು ಬಿಡಿಸಿ ಬರೆಯಿರಿ: ಶ ಕ್ ತಿ. ಮೂರು ಸಲ ಓದಿಸಿ. ಇಲ್ಲಿ ಗುಡಿಸು ತ ಮೇಲೇ ಇದೆ, ಎಲ್ಲರೂ ಸರಿಯಾಗೇ ಓದ್ತಾರೆ. ಈಗ ತ ಅಳಿಸಿ ಕ್ ಕೆಳಗೆ ಒತ್ತು ಬರೆಯಿರಿ. "ತ ಕೆಳಗೆ ಕೂತಾಗ ಅದರ ಗುಡಿಸನ್ನ ಮೇಲಿನವನ ತಲೆಗೆ ಕೊಟ್ಟು ಹೋಯ್ತು" ಅನ್ನಿ. ಬಣ್ಣದ ಚಾಕ್ ಇದ್ರೆ ಗುಡಿಸು ಮತ್ತು ಒತ್ತು ಎರಡನ್ನೂ ಒಂದೇ ಬಣ್ಣದಲ್ಲಿ ಬರೆಯಿರಿ, ಮೇಲಿನ ಕ ಬಿಳಿಯಲ್ಲೇ ಇರಲಿ. ಬಿಳಿಯದನ್ನ ಅರ್ಧ ಹೇಳು, ಬಣ್ಣದ್ದನ್ನ ಪೂರ್ತಿ ಹೇಳು. ಇಷ್ಟೇ ಸೂತ್ರ. ಅಕ್ಕಿ, ಬುತ್ತಿ, ಹಳ್ಳಿ, ಹಕ್ಕಿ, ಆಮೇಲೆ ಶಕ್ತಿ, ಬಸ್ತಿ, ಮುಷ್ಟಿ.

ಹೊಸಹಾಜರಿ
ಅಯ್ಯೋ! ಒಬ್ಬ "ಹಕಿಕ ಹಾರಿತು" ಅಂತ ಓದ್ತಾನೆ, ನಾನು ಅವನು ತಮಾಷೆ ಮಾಡ್ತಿದ್ದಾನೆ ಅಂದುಕೊಂಡಿದ್ದೆ.

ಅರ್ಕಾವೊತ್ತು
ತಮಾಷೆ ಅಲ್ಲ ಮೇಡಂ. ಅವನು ಬಾಗಿಲ ಹತ್ತಿರ ಬಂದಿದ್ದಾನೆ, ಒಂದು ವಾರದ ಕೆಲಸ ಅಷ್ಟೇ.

ಕ್ರಮ ಹೇಳ್ತೀನಿ. ಮೊದಲು ಸಜಾತಿ ಒತ್ತು, ಅಂದ್ರೆ ಅಕ್ಷರಕ್ಕೆ ಅದರದ್ದೇ ಒತ್ತು: ಅಕ್ಕ, ಅಣ್ಣ, ಅಜ್ಜ, ಅಪ್ಪ, ಅವ್ವ. ಇವುಗಳಲ್ಲಿ ಒತ್ತಿನ ಆಕಾರ ಮೂಲ ಅಕ್ಷರದ್ದೇ, ತಲೆಕಟ್ಟು ಇದ್ರೆ ಅದು ಕಳಚಿರುತ್ತೆ. ಆಮೇಲೆ ಆಕಾರ ಬದಲಾಗೋ ಆರು: ತ, ನ, ಮ, ಯ, ರ, ಲ. ಕತ್ತೆ, ಅನ್ನ, ಅಮ್ಮ, ಒಯ್ಯು, ಚಕ್ರ, ಬೆಲ್ಲ. ಈ ಆರಕ್ಕೆ ಮಾತ್ರ ಬೇರೆ ಚೀಟಿ ಮಾಡಿ ಗೋಡೆಗೆ ಹಾಕಿ. ಹಲವು ಪುಸ್ತಕಗಳಲ್ಲಿ ಅಮ್ಮ, ಅಪ್ಪ, ಅಣ್ಣ ಒಟ್ಟಿಗೇ ಬರುತ್ತೆ, ಮಗುವಿಗೆ ಪ ಒತ್ತು ಗುರುತು ಸಿಗುತ್ತೆ, ಮ ಒತ್ತು ಸಿಗಲ್ಲ, ಯಾಕೆ ಅಂತ ನಮಗೂ ಹೊಳೆಯಲ್ಲ. ಮೂರನೇ ಹಂತ ವಿಜಾತಿ, ಅಂದ್ರೆ ಬೇರೆ ಅಕ್ಷರದ ಒತ್ತು: ಪುಸ್ತಕ, ರಸ್ತೆ, ಆಸ್ಪತ್ರೆ. ಕೊನೆಗೆ ನನ್ನ ಹೆಸರಿನ ಅರ್ಕಾವೊತ್ತು. ಸೂರ್ಯ, ಕಾರ್ಯ, ಕರ್ನಾಟಕ. ಇಲ್ಲಿ ಮೊದಲು ಉಚ್ಚರಿಸೋ ರ್ ಅನ್ನು ನಾವು ಕೊನೆಗೆ ಬರೆಯುತ್ತೀವಿ, ಮಗು "ಸೂಯರ" ಅನ್ನುತ್ತೆ. ಮತ್ತೆ ಅದೇ ಕಥೆ, ಕಣ್ಣಿಗೆ ಕಂಡ ಕ್ರಮ.

ಬಳಪ
ಇದಕ್ಕೆ ಜೋಡಿ ಒಂದು ಮಾತು. "ಕೊಡ"ವನ್ನ "ಕೂಡ" ಅನ್ನೋದೂ ಇಂಥದ್ದೇ. ಓತ್ವ ಅನ್ನೋದು ಏತ್ವ ಮತ್ತು ಕೊಂಬಿನಿಳಿ ಕೂಡಿದ ಚಿಹ್ನೆ. ಮಗು ಬಲಗಡೆ ಉದ್ದಕ್ಕೆ ಇಳಿದಿರೋ ಕೊಂಬಿನಿಳಿ ನೋಡುತ್ತೆ, ತಲೆಯ ಮೇಲಿನ ಏತ್ವ ಕಾಣಲ್ಲ. ಕೆ, ಕೂ, ಕೊ ಮೂರನ್ನೂ ಪಕ್ಕಪಕ್ಕ ಬರೆದು ಏತ್ವದ ಸುತ್ತ ಅವರ ಕೈಯಿಂದಲೇ ಗುಂಡು ಹಾಕಿಸಿ. ಕೆರೆ-ಕೇರೆ, ಬೆರೆ-ಬೇರೆ, ಕೊಡು-ಕೋಡು, ತೊಡು-ತೋಡು ಇಂಥ ಜೋಡಿಗಳನ್ನ ದಿನಕ್ಕೆ ನಾಲ್ಕು ಕೊಡಿ. ಅರ್ಥ ಬದಲಾಗೋದು ಕಂಡ್ರೆ ದೀರ್ಘ ಯಾಕೆ ಬೇಕು ಅಂತ ಅವರಿಗೇ ತಿಳಿಯುತ್ತೆ. "ದಾರಿಯಲ್ಲಿ ಕೆರೆ ಹರಿದು ಹೋಯ್ತು" ಅಂತ ಬರೆದು ಓದಿಸಿ, ಕ್ಲಾಸು ನಗುತ್ತೆ.

ಸೀಮೆಸುಣ್ಣ
ಬರೆಸುವಾಗ ಇನ್ನೊಂದು ಎಡವಟ್ಟು: ಪು, ವು. ಬೇರೆ ಅಕ್ಷರಕ್ಕೆ ಬಲಗಡೆ ಕೊಂಬು ಹಾಕೋ ಅಭ್ಯಾಸದಲ್ಲಿ ವ ಪಕ್ಕ ಕೊಂಬು ಹಾಕಿದ್ರೆ ಅದು ಮ ಆಗಿಬಿಡುತ್ತೆ. "ಹಾವು" ಬರೀ ಅಂದ್ರೆ "ಹಾಮ" ಕಾಣುತ್ತೆ, ಟೀಚರ್ ಕೆಂಪು ಹಾಕ್ತಾರೆ, ಮಗುವಿಗೆ ಏನು ತಪ್ಪಾಯ್ತು ಅಂತ ತಿಳಿಯಲ್ಲ. ಪ, ವ ಎರಡಕ್ಕೂ ಕೊಂಬು ಕೆಳಗಡೆ ಅಂತ ಬೇರೆಯಾಗಿ ಹೇಳಿಕೊಡಬೇಕು. ಮಿ, ಯಿಗಳಲ್ಲಿ ಗುಡಿಸು ಕೂರೋ ಜಾಗವೂ ಹಾಗೇ. ಕಾಗುಣಿತ ಹೇಳಿಸೋವಾಗ ಇವೆಲ್ಲ ಗಮನಕ್ಕೇ ಬರಲ್ಲ, ಯಾಕಂದ್ರೆ ಬಾಯಲ್ಲಿ ಎಲ್ಲಾ ಒಂದೇ.

ಹಳೇಮೇಷ್ಟ್ರು
ಒತ್ತಿನ ವಿಷಯ ಒಪ್ಪಿದೆ. ಆದ್ರೆ ಬಾಯಿಪಾಠ ಪೂರಾ ಬಿಡಬೇಡಿ. ಚಿಹ್ನೆಗಳ ಹೆಸರಾದ್ರೂ ಬಾಯಲ್ಲಿರಬೇಕು. "ಕೊಂಬಿನಿಳಿ ಹಾಕು" ಅಂದ್ರೆ ಏನು ಅಂತ ಗೊತ್ತಿಲ್ಲದವನನ್ನ ತಿದ್ದೋದಾದ್ರೂ ಹೇಗೆ? ಮತ್ತೆ ಒಂದು ಏಟು ಬಿದ್ರೆ ಎಲ್ಲ ನೆನಪಿರುತ್ತೆ, ಅದನ್ನೂ ಹೇಳಿಬಿಡ್ತೀನಿ.

ಕೊನೆಬೆಂಚು
ಹೆಸರು ಬೇಕು, ಸರಿ. ಏಟು ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. "3ನೇ ಕ್ಲಾಸಿನ ನಿನ್ನ ತಂಗಿಗೆ ಬರುತ್ತೆ, ನಿನಗೆ ಬರಲ್ವಾ" ಅನ್ನೋದನ್ನೂ ಸೇರಿಸಿಕೊಳ್ಳಿ.

ಬಳಪ
ಕಾನೂನು ಇರಲಿ. ಹೆದರಿದ ಮಗು ಊಹಿಸೋದು ನಿಲ್ಲಿಸುತ್ತೆ. ಓದೋದನ್ನ ಕಲಿಯೋವಾಗ ಊಹೆ ಬೇಕೇ ಬೇಕು. ಬಾಯೇ ಬಿಡದಿದ್ರೆ ಯಾವ ತಪ್ಪು ಮಾಡ್ತಿದೆ ಅಂತ ನಿಮಗೂ ಗೊತ್ತಾಗಲ್ಲ.

ಮಂಡ್ಯದಬೆಲ್ಲ
ನಮ್ಮ ಕಡೆ ಮಕ್ಳು ಹಳ್ಳಿನ "ಅಳ್ಳಿ" ಅಂತ ಓದ್ತವೆ, ಹಾಲನ್ನ "ಆಲು". ಇದನ್ನ ತಪ್ಪು ಅಂತ ಹಾಕ್ಬೇಕಾ?

ಪಾಟಿಚೀಲ
ಹಾಕಲೇಬೇಕು. ಇಲ್ಲಾಂದ್ರೆ ಹತ್ತನೇ ತರಗತೀಲೂ "ಅಾಗೆ" ಅಂತಾನೇ ಬರೀತಾರೆ.

ಮಂಡ್ಯದಬೆಲ್ಲ
ಮೊದ್ಲು ನೀವು ಟೈಪ್ ಮಾಡಿದ್ದು ಓದ್ಕೊಳಿ 😄

ಏಣಿಮೆಟ್ಟಿಲು
ಓದುವಾಗ ಹಾಕಬೇಡಿ, ಬರೆಯುವಾಗ ಗಮನ ಕೊಡಿ. "ಹಳ್ಳಿ" ನೋಡಿ "ಅಳ್ಳಿ" ಅಂದ ಮಗು ಪದವನ್ನ ಗುರುತಿಸಿದೆ, ಅರ್ಥವೂ ಗೊತ್ತಿದೆ, ಮನೆಮಾತಲ್ಲಿ ಹೇಳಿದೆ ಅಷ್ಟೇ. ಅದನ್ನ "ಅಕಿಕ"ಯ ಜೊತೆ ಒಂದೇ ಕಾಲಂನಲ್ಲಿ ಬರೆದ್ರೆ ನಿಮ್ಮ ಪಟ್ಟಿಯೇ ಸುಳ್ಳು ಹೇಳುತ್ತೆ. ಮಹಾಪ್ರಾಣವೂ ಹಾಗೇ. ದಿನದ ಮಾತಿನಲ್ಲಿ ದ-ಧ ವ್ಯತ್ಯಾಸ ಮಾಡಿ ಆಡೋರು ಎಷ್ಟು ಜನ? ಆ ಕಾಗುಣಿತ ಕಿವಿಯಿಂದ ಬರಲ್ಲ, ಕಣ್ಣಿನ ನೆನಪಿಂದ ಬರಬೇಕು. ಧನ, ಭೂಮಿ, ಕಥೆ, ಸುಖ ಇಂಥ ಹದಿನೈದು ಇಪ್ಪತ್ತು ಪದ ಗೋಡೆ ಮೇಲೆ ವರ್ಷಪೂರ್ತಿ ಇದ್ರೆ ಸಾಕು.

ಕಡಲತಡಿ
ಇನ್ನೊಂದು ಉಂಟು ಮಾರಾಯ್ರೇ. ಮನೆಯಲ್ಲಿ ತುಳುವೋ ಬ್ಯಾರಿಯೋ ಲಂಬಾಣಿಯೋ ಉರ್ದುವೋ ಇದ್ದ ಮಗು ಸರಿಯಾಗಿ ಓದ್ತದೆ, ಅರ್ಥ ಮಾತ್ರ ಗೊತ್ತಿರುವುದಿಲ್ಲ. ಇದು ಓದಿನ ಸಮಸ್ಯೆ ಅಲ್ಲ, ಪದದ ಸಮಸ್ಯೆ. ಅದಕ್ಕೆ ಚೀಟಿ ಆಟ ಆಡಿಸಿ ಪ್ರಯೋಜನ ಇಲ್ಲ. ಓದುವ ಮೊದಲು ಆ ಪ್ಯಾರಾದ ವಿಷಯವನ್ನ ಮನೆಮಾತಿನಲ್ಲೇ ಮಾತಾಡ್ಲಿಕ್ಕೆ ಬಿಡಿ, ಐದು ಪದ ಮೊದಲೇ ತೋರಿಸಿ ಅಭಿನಯ ಮಾಡಿಸಿ, ಆಮೇಲೆ ಪುಸ್ತಕ. ಎರಡೂ ತೊಂದರೆ ಇರುವ ಮಗುವೂ ಇರ್ತದೆ, ಆಗ ಮೊದಲು ಮಾತು.

ಕಣ್ಣೂ ಒಮ್ಮೆ ನೋಡಿ ಟೀಚರ್. ಬೋರ್ಡ್ ಬಿಟ್ಟು ಪಕ್ಕದವನ ಪುಸ್ತಕ ನೋಡಿ ನಕಲು ಮಾಡುವ ಮಗುವಿಗೆ ದೂರದ್ದು ಕಾಣದೇ ಇರಬಹುದು. ಮುಂದಿನ ಸಾಲಿಗೆ ಕರೆತಂದು ಎರಡು ದಿನ ನೋಡಿ, ಬದಲಾದ್ರೆ ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಆ ಹೆಸರನ್ನ ಮೊದಲು ಹೇಳಿ.

ಹೊಸಹಾಜರಿ
ಎಲ್ಲ ಬರ್ಕೋತಾ ಇದ್ದೀನಿ. ಆದ್ರೆ ಯಾರೂ ಉಳಿದ 22 ಮಕ್ಕಳ ಬಗ್ಗೆ ಹೇಳ್ತಿಲ್ಲ! ನಾನು 9 ಜನರ ಹತ್ತಿರ ಕೂತ 5ನೇ ನಿಮಿಷಕ್ಕೆ ಹಿಂದೆ ಸಂತೆ ಶುರು.

ಸೀಮೆಸುಣ್ಣ
ಸಂತೆ ಆಗೋದು ಕೆಲಸ ಬೇಗ ಮುಗಿಯೋದ್ರಿಂದ, ಅಥವಾ ಮುಗಿದದ್ದು ಯಾರೂ ನೋಡಲ್ಲ ಅಂತ ಗೊತ್ತಿರೋದ್ರಿಂದ. "ಪಾಠ ಓದಿ" ಅಂದ್ರೆ ಐದು ನಿಮಿಷ. ಅದರ ಬದಲು: ಮೂರು ಮೂರು ಜನರ ಗುಂಪು ಮಾಡಿ, ಗುಂಪಿಗೆ ಹಳೇ ಪೇಪರಿನ ಅರ್ಧ ಹಾಳೆ ಕೊಡಿ. ಒತ್ತಕ್ಷರ ಇರೋ 20 ಪದಕ್ಕೆ ಗುಂಡು ಹಾಕಿ, ಅದರಲ್ಲಿ 10 ಬರೆದು, 3 ಪದದಲ್ಲಿ ಸ್ವಂತ ವಾಕ್ಯ ಮಾಡಿ. ಇದಕ್ಕೆ 30 ನಿಮಿಷ ಬೇಕೇ ಬೇಕು. ಮಾರನೇ ದಿನ: ಒಂದು ಕಥೆ ಓದಿ ಪಕ್ಕದ ಗುಂಪಿಗೆ 3 ಪ್ರಶ್ನೆ ಬರೆಯಿರಿ, ಉತ್ತರ ಕಥೆಯಲ್ಲಿ ನೇರವಾಗಿ ಇರಬಾರದು. ಹೀಗೆ ನಾಲ್ಕು ಬಗೆ ಕೆಲಸ ಇಟ್ಟುಕೊಂಡು ತಿರುಗಿಸಿ. ಹೊಸ ಆಟ ದಿನಾ ಕಂಡುಹಿಡಿಯಬೇಡಿ, ಸೂಚನೆ ವಿವರಿಸೋದ್ರಲ್ಲೇ ಹತ್ತು ನಿಮಿಷ ಹೋಗುತ್ತೆ. ಕೊನೆಯ 5 ನಿಮಿಷ ಯಾವುದಾದ್ರೂ ಎರಡು ಗುಂಪಿನದ್ದು ಎದ್ದು ಓದಿಸಿ, ಯಾವ ಗುಂಪು ಅಂತ ಮೊದಲೇ ಹೇಳಬೇಡಿ.

ಕೂರೋ ಜಾಗವೂ ಮುಖ್ಯ. ನೀವು ಗೋಡೆಗೆ ಬೆನ್ನು ಕೊಟ್ಟು ಕೂರಿ, 9 ಜನ ನಿಮ್ಮ ಮುಂದೆ ಅರ್ಧಚಂದ್ರಾಕಾರ, ಅವರ ತಲೆ ಮೇಲಿಂದ 22 ಮುಖ ಕಾಣಬೇಕು. ಬಹಳ ಜನ ಉಲ್ಟಾ ಕೂರ್ತಾರೆ.

ಪಾಟಿಚೀಲ
ಜಾಣ ಮಕ್ಕಳನ್ನ ಒಬ್ಬೊಬ್ಬರಿಗೆ ಜೋಡಿ ಮಾಡಿದ್ರೆ? ಸಹಪಾಠಿ ಕಲಿಕೆ.

ಸೀಮೆಸುಣ್ಣ
ವಾರಕ್ಕೆ ಎರಡು ದಿನ, 10 ನಿಮಿಷ. ಅದಕ್ಕಿಂತ ಹೆಚ್ಚಾದ್ರೆ ಜಾಣ ಮಗುವಿನ ಓದು ನಿಲ್ಲುತ್ತೆ, ಓದದ ಮಗುವಿಗೆ ಜೀವನಪೂರ್ತಿ ಒಬ್ಬ ಮಾನಿಟರ್ ಗಂಟುಬೀಳ್ತಾನೆ. ಜೊತೆಗೆ ಜಾಣರು ಕಾಯಲ್ಲ, ಉತ್ತರ ಹೇಳಿಬಿಡ್ತಾರೆ. "ಮನಸ್ಸಲ್ಲಿ ಐದು ಎಣಿಸಿದ ಮೇಲೆ ಸಹಾಯ ಮಾಡು" ಅಂತ ಕಲಿಸಿ.

ಕಂಬಸಾಲು
ಎಲ್ಲಾರನ್ನೂ ಕೂಡಿಸಿ ಓದಸೂದೂ ಮೋಸ ಮಾಡತೈತಿ, ಅಕ್ಕೋರ. ಓದಾಕ ಬರದ ಹುಡುಗ ಗುಂಪಿನ್ಯಾಗ ಅರ್ಧ ಕ್ಷಣ ತಡಾ ಮಾಡಿ ಬಾಯಿ ಆಡಸತಾನ. ದನಿ ಕೇಳಬ್ಯಾಡ್ರಿ, ತುಟಿ ನೋಡ್ರಿ. ಇನ್ನೊಂದು, ಬಾಯಿಪಾಠ ಮಾಡಿ ಓದತಾನೋ ನೋಡಿ ಓದತಾನೋ ಅಂತ ಅನುಮಾನ ಇದ್ರ ಕಡೀ ಪದದಿಂದ ಮೊದಲ ಪದಕ್ಕ ಉಲ್ಟಾ ಓದಸ್ರಿ. ಅಲ್ಲಿಗೇ ಬಣ್ಣಾ ಬಯಲು.

ಬಳಪ
ಹೊತ್ತಿನ ಹಂಚಿಕೆ ಹೇಳ್ತೀನಿ, 40 ನಿಮಿಷ, ದಿನದ ಮೊದಲ ಪೀರಿಯಡ್. ಊಟ ಆದ ಮೇಲೆ ಇಟ್ಟರೆ ಅರ್ಧ ದಿನ ಯಾವುದೋ ಸಭೆ, ಯಾವುದೋ ಮಾಹಿತಿ ಕಳಿಸೋದು ಅಂತ ತಪ್ಪಿಹೋಗುತ್ತೆ. ಮೊದಲ 8 ನಿಮಿಷ ನೀವು ಗಟ್ಟಿಯಾಗಿ ಕಥೆ ಓದಿ, ಎಲ್ಲ 31 ಮಕ್ಕಳಿಗೂ. ಬರದವರಿಗೂ ಪುಸ್ತಕದಲ್ಲಿ ಏನೋ ಇದೆ ಅನ್ನೋ ಆಸೆ ಹುಟ್ಟೋದು ಇಲ್ಲೇ, ಇದನ್ನ ಉಳಿತಾಯ ಮಾಡಬೇಡಿ. ಆಮೇಲೆ 9 ಜನರ ಜೊತೆ 10 ನಿಮಿಷ ಚಾರ್ಟ್ ಕಂಬಸಾಲಿನಲ್ಲಿ, 10 ನಿಮಿಷ ಚೀಟಿಯಿಂದ ಪದ, 7 ನಿಮಿಷ ನಿನ್ನೆ ಓದಿದ ನಾಲ್ಕು ಸಾಲನ್ನೇ ಮತ್ತೆ ಓದೋದು. ಒಂದು ಪ್ಯಾರಾವನ್ನ ಮೂರು ದಿನ ಓದಿಸಿ. ದಿನಾ ಹೊಸದು ಕೊಟ್ರೆ ದಿನಾ ತಡವರಿಕೆ ಮಾತ್ರ ಅಭ್ಯಾಸ ಆಗುತ್ತೆ. ಉಳಿದ 5 ನಿಮಿಷ ಉಕ್ತಲೇಖನ, ಐದೇ ಪದ, ಮೂರು ಹಳೆಯದು, ಎರಡು ಹೊಸದು. ಅವರೇ ಬೋರ್ಡ್ ನೋಡಿ ತಿದ್ದಿಕೊಳ್ಳಲಿ, ಕೆಂಪು ಪೆನ್ ಬೀಗ ಹಾಕಿಡಿ.

ಮೊದಲ ಎರಡು ವಾರ ಏನೂ ಬದಲಾದ ಹಾಗೆ ಕಾಣಲ್ಲ, ಆಗಲೇ ಬಹಳ ಜನ ಕೈಬಿಡೋದು. ನೀವು ನೋಡಬೇಕಾದ್ದು ಸರಿ ಓದಿದ ಪದಗಳ ಲೆಕ್ಕ ಅಲ್ಲ, ತಪ್ಪಿನ ಬಗೆ. ಮೊದಲು ಬಾಯೇ ಬಿಡದವಳು "ಅಕಿಕ" ಅಂದ್ರೆ ಮುಂದೆ ಬಂದಿದ್ದಾಳೆ. "ಅಕಿಕ... ಅಲ್ಲ, ಅಕ್ಕಿ" ಅಂತ ತಾನೇ ತಿದ್ದಿಕೊಂಡ್ರೆ ಬಹಳ ಮುಂದೆ. ಆ ಕ್ಷಣ ಹಿಡಿದು ಹೇಳಿ: "ನೀನೇ ಕಂಡುಹಿಡಿದೆ ನೋಡು." ಬರೀ "ವೆರಿ ಗುಡ್" ಅಂದ್ರೆ ಯಾವುದಕ್ಕೆ ಅಂದ್ರಿ ಅಂತ ಆ ಮಗುವಿಗೆ ತಿಳಿಯಲ್ಲ.

ಕೊನೆಬೆಂಚು
ಸಿಲಬಸ್ ಬಗ್ಗೆ: ಗಣಿತ, ಪರಿಸರ ಅಧ್ಯಯನಕ್ಕೆ ಈ 9 ಜನರನ್ನ ಬೇರೆ ಕೂರಿಸಬೇಡಿ. ಪ್ರಶ್ನೆ ನೀವು ಓದಿ ಹೇಳಿ, ಉತ್ತರ ಬಾಯಲ್ಲಿ ತಗೊಳ್ಳಿ. ಓದೋಕೆ ಬರಲ್ಲ ಅಂದ ಮಾತ್ರಕ್ಕೆ ಯೋಚಿಸೋಕೆ ಬರಲ್ಲ ಅಂತ ಅಲ್ಲ. ಸಂತೆಯಲ್ಲಿ ಚಿಲ್ಲರೆ ಲೆಕ್ಕ ಇವರೇ ಚೆನ್ನಾಗಿ ಹೇಳ್ತಾರೆ. ವರ್ಷದ ನಡುನಡುವೆ ಮಾಡೋ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಮೌಖಿಕ ಚಟುವಟಿಕೆಗೂ ಜಾಗ ಇದೆ, ಬಳಸಿಕೊಳ್ಳಿ.

ಪಾಟಿಚೀಲ
ಇದನ್ನೆಲ್ಲ ಮಾಡೋಕೆ ಸಮಯ ಎಲ್ಲಿದೆ ಸ್ವಾಮಿ? ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ಆನ್‌ಲೈನ್‌ನಲ್ಲಿ ಮಕ್ಕಳ ಮಾಹಿತಿ ಎಂಟ್ರಿ, ಯಾವುದೋ ಸಮೀಕ್ಷೆ.

ಕೊನೆಬೆಂಚು
ಅದೇ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸ ಶಿಕ್ಷಕರಿಗೆ ಕೊಡುವ ಹಾಗಿಲ್ಲ.

ಪಾಟಿಚೀಲ
ಹ್ಞೂಂ, ಆ ಸೆಕ್ಷನ್ನಿಗೆ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕ್ತೀನಿ, ಓದೋ ಅಭ್ಯಾಸಕ್ಕಾದ್ರೂ ಆಗುತ್ತೆ. ಒತ್ತಕ್ಷರ ಜಾಸ್ತಿ ಇದೆ.

ಸೀಮೆಸುಣ್ಣ
😂 ದಾಖಲೆ ವಿಷಯಕ್ಕೆ: ಒಂದು 100 ಪುಟದ ನೋಟ್‌ಬುಕ್, ಮಗುವಿಗೆ ಎರಡು ಪುಟ. ಎಡಪುಟದಲ್ಲಿ ತಾರೀಕು, ಓದಿಸಿದ್ದು, ಮಗು ಹೇಳಿದ್ದು. ಬಲಪುಟದಲ್ಲಿ ಪ್ರತಿ 15 ದಿನಕ್ಕೊಮ್ಮೆ ಬಳಪ ಸರ್ ಹೇಳಿದ ಹಾಳೆಯ ಮಟ್ಟ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ಕಡತ ಕೇಳಿದ್ರೆ ಇದನ್ನೇ ತೋರಿಸಿ. ಹಾಳೆಯ ಪ್ಯಾರಾ ಪ್ರತಿ ಸಲ ಬೇರೆ ಇರಬೇಕು, ಮರೀಬೇಡಿ.

ಹೊಸಹಾಜರಿ
ಸೋಮವಾರದಿಂದ ಶುರು. ಹಾಳೆ ಇವತ್ತೇ ಬರೆದೆ. ಚೀಟಿಗೆ ಏನು ಬಳಸೋದು? ಡ್ರಾಯಿಂಗ್ ಶೀಟ್ ಎರಡು ದಿನಕ್ಕೆ ಮುದುರಿಹೋಗುತ್ತೆ.

ಕಡಲತಡಿ
ಹಳೆ ಲಗ್ನಪತ್ರಿಕೆ. ಪ್ರತಿ ಮನೆಯಲ್ಲೂ ಹತ್ತು ಉಂಟು, ಮಕ್ಕಳಿಗೇ ತರ್ಲಿಕ್ಕೆ ಹೇಳಿ. ಒಂದು ಕಾರ್ಡಿನಲ್ಲಿ ನಾಲ್ಕು ಚೀಟಿ ಆಗ್ತದೆ. ಬಳಕೆಯ ಅಕ್ಷರ ರ, ಸ, ಗ, ನ, ದ ತಲಾ ಮೂರು ಮಾಡಿ, ಇಲ್ಲದಿದ್ರೆ "ಗರಗಸ" ಆಗುವುದಿಲ್ಲ, ಅದಕ್ಕೆ ಗ ಎರಡು ಬೇಕು.

ಕಂಬಸಾಲು
ಮಿಂಚೋ ಬಾಜೂ ಬರೀಬ್ಯಾಡ್ರಿ ಅಕ್ಕೋರ, ಸ್ಕೆಚ್ ಪೆನ್ ಹಿಡಿಯಂಗಿಲ್ಲ, ಅಳಸಿ ಹೋಗಿ ಹುಡುಗುರ ಕೈಯೆಲ್ಲ ಬಣ್ಣ. ಒಳಗಿನ ಬಾಜೂ ಬರೀರಿ. ಅಕ್ಷರದ ಕೆಳಗ ಒಂದು ಗೆರಿ ಎಳೀರಿ, ಇಲ್ಲಂದ್ರ ಚೀಟಿ ತಲಿಕೆಳಗ ಹಿಡಕೊಂಡು ಕುಂಡರತಾವ.